ಶೇವಂತಿಯ ಪಾಲು ಹಾಲೆಂಡಿಗೆ ಹೋದದ್ದು

ಹೊರಡುವ ಮೊದಲು, ಸದಾಶಿವಗಡ

ಬಡವರ ಏಳಿಗೆ ಹೇಗಾಗಬೇಕು ಎಂದು ಮಾತಾಡಲು ಬಡವರನ್ನೇ ಏಳು ಸಮುದ್ರದಾಚೆ ಕರೆಸಿಕೊಂಡು, ಅವರ ಎದುರು ತಾವೇ ಮಾತಾಡುವ ಜನರಿದ್ದಾರೆ. ನಿವೃತ್ತಿಯಾಗುವವರೆಗೆ ಇದು ನನಗೆ ಗೊತ್ತಿರಲಿಲ್ಲ. ಅಂಕೋಲೆಯ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸಮಾಜ ವಿಜ್ಞಾನ ಕಲಿಸಿ, ಸೀಮೆಸುಣ್ಣದ ಪುಡಿಗೆ ಗಂಟಲು ಕೊಟ್ಟು ಮನೆಯಲ್ಲಿ ಕೂತಿದ್ದೆ. ಆಗ ಹಾಲೆಂಡಿನ ಒಂದು ವಿಶ್ವವಿದ್ಯಾಲಯದಿಂದ ಯಾನ್ ಎಂಬ ಉದ್ದನೆಯ ಸಂಶೋಧಕ ಬಂದ. ಹೊರದೇಶಗಳ ನೆರವಿನಿಂದ ಕರಾವಳಿಯ ಮೀನುಗಾರರಿಗೆ ಸುಸ್ಥಿರ ಮಾನವ ಅಭಿವೃದ್ಧಿ ಆಗುತ್ತದೋ ಇಲ್ಲವೋ ಎಂಬುದು ಅವನ ವಿಷಯ.

ಯಾನನಿಗೆ ಕನ್ನಡ ಬಾರದು, ಕೊಂಕಣಿ ಬಾರದು, ನಮ್ಮ ಬಿಸಿಲು ಆಗದು. ಹಾಗಾಗಿ ಸದಾಶಿವಗಡದಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಫಾರ್ಮು ತುಂಬುವ ಕೆಲಸ ನನಗೆ ಬಂತು. ಒಂದು ಫಾರ್ಮಿನಲ್ಲಿ ನೂರಕ್ಕೂ ಹೆಚ್ಚು ಪ್ರಶ್ನೆ. ನಿಮ್ಮ ಮನೆಯ ನೆಲ ಯಾವುದರದ್ದು, ಮುಂದಿನ ದಿನಗಳ ಬಗ್ಗೆ ನಿಮಗೆ ಹತ್ತರಲ್ಲಿ ಎಷ್ಟು ಭರವಸೆ, ಹೀಗೆ. ಒಬ್ಬ ಅಜ್ಜಿ, "ಹತ್ತರಲ್ಲಿ ಎಂತಕ್ಕೆ? ನಾಳೆ ಬಂಗಡೆ ಬಿದ್ರೆ ನೂರರಲ್ಲಿ ನೂರು, ಬೀಳ್ದಿದ್ರೆ ಸೊನ್ನೆ," ಎಂದಳು. ಆ ಉತ್ತರ ಬರೆಯಲು ಫಾರ್ಮಿನಲ್ಲಿ ಜಾಗವಿರಲಿಲ್ಲ. ನಾನು ಐದು ಎಂದು ಬರೆದೆ.

ಶೇವಂತಿ ಹರಿಕಾಂತ್ರ ನನಗೆ ಪರಿಚಯವಾದದ್ದು ಆಗಲೇ. ಐವತ್ತೈದರ ಆಸುಪಾಸು. ಕಾರವಾರದ ಮೀನುಪೇಟೆಯಲ್ಲಿ ಕೂತು ಕೂಗಿದರೆ ರಸ್ತೆಯಾಚೆಯ ಗಿರಾಕಿಯೂ ತಿರುಗಿ ನೋಡಬೇಕು, ಅಂಥ ಗಂಟಲು. ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ಆದರೂ ಊರಿನ ರಂಪಣಿ ದಡಕ್ಕೆ ಬಂದ ದಿನ ಅವಳ ಪಾಲು ಅವಳಿಗೆ ಬರುತ್ತದೆ. ರಂಪಣಿ ಎಂದರೆ ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಸುತ್ತುಹಾಕಿ ಬಿಟ್ಟು, ಎರಡೂ ತುದಿಯ ಹಗ್ಗವನ್ನು ಊರವರೆಲ್ಲ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ. ಅದು ಒಬ್ಬನ ಸೊತ್ತಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ತರುತ್ತಾರೆ, ಎಲ್ಲವನ್ನೂ ಜೋಡಿಸಿ ಹೊಲಿದು ಒಂದು ಬಲೆ ಮಾಡುತ್ತಾರೆ. ತುಂಡು ಇದ್ದ ಮನೆಗೆ ಮೀನಿನಲ್ಲಿ ಪಾಲು. ಗಂಡ ಸತ್ತರೂ ತುಂಡು ಸಾಯುವುದಿಲ್ಲ. ಹೆಂಡತಿ ಅದರ ಹರಕು ಸರಿಮಾಡುತ್ತ ವರ್ಷವರ್ಷವೂ ಉಳಿಸಿಕೊಳ್ಳುತ್ತಾಳೆ. ಶೇವಂತಿಯದೂ ಸೇರಿ ಗಂಡನಿಲ್ಲದ ಹೆಂಗಸರ ಹನ್ನೊಂದು ಮನೆಗಳು ಆ ಬಲೆಯಲ್ಲಿದ್ದವು.

ಈಗ ಆ ಬಲೆ ಹಳತಾಗಿತ್ತು. ಒಂದು ವಿದೇಶಿ ನೆರವು ಸಂಸ್ಥೆ ಹೊಸ ಬಲೆ ಮತ್ತು ಇಂಜಿನ್ ದೋಣಿ ಕೊಡಲು ಮುಂದೆ ಬಂದಿತ್ತು. ಹೊಸದು ತುಂಡು ಜೋಡಿಸಿದ್ದಲ್ಲ, ಇಡೀ ಬಲೆ. ಅದರ ಪಾಲುದಾರರು ಯಾರು ಎಂಬ ಪಟ್ಟಿ ವಿಶ್ವವಿದ್ಯಾಲಯದ ವರದಿಯಿಂದ ಬರಬೇಕು. ಆ ಹನ್ನೊಂದು ಪಾಲು ತಪ್ಪಿದರೆ ತಮ್ಮ ಪಾಲು ಹೆಚ್ಚುತ್ತದೆಂದು ಕೆಲವು ಗಂಡಸರು ಆಗಲೇ ಗುಸುಗುಸು ಮಾತಾಡುತ್ತಿದ್ದರು. ಬಲೆಯ ಮುಖ್ಯಸ್ಥ ದೇವು ತಾಂಡೇಲ ಒಳ್ಳೆಯವನೇ, ಆದರೆ ಗಟ್ಟಿಗನಲ್ಲ.

"ವರದಿಲಿ ಹೆಂಗೆ ಬರ್ತದೆ ಹಂಗೆ ಮಾಡುವಾ, ಶೇವಂತಕ್ಕ," ಎಂದ. "ನಾನೊಬ್ಬ ಎಂತಾ ಮಾಡೂಕೆ ಆಗ್ತದೆ?"

ಅಷ್ಟರಲ್ಲಿ ಯಾನನ ವಿಶ್ವವಿದ್ಯಾಲಯದಿಂದ ಕರೆ ಬಂತು. ವರದಿ ಒಪ್ಪಿಸುವ ಸಭೆಗೆ ಊರಿನ ಒಬ್ಬ ಹೆಂಗಸು ಬೇಕು, ಜೊತೆಗೆ ಮಾತು ತಿಳಿಸಲು ನಾನು. ಶೇವಂತಿ ಒಂದು ಕ್ಷಣವೂ ಯೋಚಿಸಲಿಲ್ಲ. "ನನ್ನ ತುಂಡು ಅಲ್ಲಿ ಬರ್ದಾರಾ ಇಲ್ವಾ, ನಾನೇ ಹೋಗಿ ಕೇಳ್ತೆ. ನೀವು ಓದಿ ಹೇಳಿ ಅಕ್ಕೋರೇ, ಅಷ್ಟೇ ಸಾಕು," ಎಂದಳು. ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುವುದು ರೂಢಿ.

ವೀಸಾ ಕಚೇರಿಯಲ್ಲಿ ಅವಳ ಬೆರಳಚ್ಚು ಏಳಲಿಲ್ಲ. ಉಪ್ಪುನೀರು, ಹಗ್ಗ, ಮೀನಿನ ಮುಳ್ಳು ಸೇರಿ ಬೆರಳ ತುದಿಯ ಗೆರೆಗಳನ್ನೆಲ್ಲ ಒರೆಸಿಹಾಕಿದ್ದವು. ಯಂತ್ರದ ಮುಂದಿದ್ದ ಹುಡುಗಿ ಕೈ ಒರೆಸಿ ಒತ್ತಿಸಿದಳು, ಎಣ್ಣೆ ಹಚ್ಚಿ ಒತ್ತಿಸಿದಳು. "ಕೆಲ್ಸ ಮಾಡಿದ ಕೈಗೆ ವೀಸಾ ಇಲ್ವಾ ಹಂಗಾರೆ?" ಎಂದು ಶೇವಂತಿ ಕೇಳಿದಳು. ಅಂತೂ ನಾಲ್ಕನೆಯ ಸಲ ಹೆಬ್ಬೆರಳು ಒಂದಿಷ್ಟು ಮೂಡಿತು.

ರೈಲಿನಲ್ಲಿ

ಹಾಲೆಂಡಿನ ರೈಲಿನಲ್ಲಿ ಮಾತಾಡಬಾರದ ಡಬ್ಬಿ ಎಂದು ಒಂದು ಇರುತ್ತದೆ. ನಾವು ಇಳಿದ ಮೊದಲ ದಿನವೇ ಹೋಗಿ ಕೂತದ್ದು ಅದರಲ್ಲಿ. ಕಿಟಕಿಯ ಮೇಲೆ ಬರೆದಿತ್ತಂತೆ, ನಾನು ನೋಡಿರಲಿಲ್ಲ. ಶೇವಂತಿ ಹೊರಗಿನ ಗದ್ದೆ ನೋಡಿ, "ಇಷ್ಟು ನೀರು ನಿಂತದೆ, ಭತ್ತ ಎಂತಕ್ಕೆ ಹಾಕೂದಿಲ್ಲ ಇವ್ರು? ಬರೀ ದನ ಬಿಟ್ಕಂಡು ಕೂತಾರೆ!" ಎಂದು ತನ್ನ ಮಾಮೂಲಿ ದನಿಯಲ್ಲಿ ಕೇಳಿದಳು. ಇಡೀ ಡಬ್ಬಿ ಬೆಚ್ಚಿಬಿತ್ತು. ಎದುರಿನ ಸೀಟಿನ ಹೆಂಗಸು ಬೆರಳನ್ನು ತುಟಿಗೆ ಇಟ್ಟು, ನಗುತ್ತಲೇ, ಕಿಟಕಿಯ ಬರಹ ತೋರಿಸಿದಳು. ಈ ಊರಿನವರು ಬೈಯುವುದೂ ನಗುತ್ತಲೇ.

"ಯಾರಾದ್ರೂ ಸತ್ತಾರಾ?" ಎಂದು ಶೇವಂತಿ ನನ್ನ ಕಿವಿಯಲ್ಲಿ ಕೇಳಿದಳು.

"ಇಲ್ಲ. ಅವರಿಗೆ ಓದಬೇಕಂತೆ."

"ಅಂಕೋಲೆ ಬಸ್ಸಲ್ಲಿ ಇವ್ರನ್ನ ಒಂದು ದಿನ ಕೂರ್ಸ್ಬೇಕು. ಬಿಣಗಾ ದಾಟೂದ್ರೊಳಗೆ ಎಲ್ಲಾ ಓದು ಮುಗೀತದೆ."

ಆಮೇಲೆ ಒಂದು ಗಂಟೆ ಬಾಯಿ ಮುಚ್ಚಿ ಕೂತೆವು. ಎಲ್ಲರೂ ಅವರವರ ಫೋನನ್ನು ನೋಡುತ್ತಿದ್ದರು, ಪುಸ್ತಕ ಓದುತ್ತಿದ್ದವರು ಇಬ್ಬರೇ. ಮೌನಕ್ಕೆ ಬೇಲಿ ಹಾಕಿ ಅದರೊಳಗೆ ಕೂತು ಫೋನ್ ತಿಕ್ಕುವ ಜನ ನಮಗೆ ಸಮಾಜ ಹೇಗಿರಬೇಕೆಂದು ಕಲಿಸಲು ಹೊರಟಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಉರಿದೆ.

ಯಾನನ ಮನೆ

ಯಾನ್ ಸಂಜೆ ಚಹಾಕ್ಕೆ ಕರೆದ. ಸಂಜೆ ಎಂದರೆ ನಾಲ್ಕು ಗಂಟೆ ಹದಿನೈದು ನಿಮಿಷದಿಂದ ಐದೂಕಾಲರವರೆಗೆ. ಹೀಗೆ ಬರುವುದನ್ನೂ ಹೋಗುವುದನ್ನೂ ಮೊದಲೇ ಬರೆದು ಕಳಿಸಿದ್ದ. ನಮ್ಮಲ್ಲಿ ಸಾಲ ಕೊಟ್ಟವನು ಬಂದರೂ ಯಾವಾಗ ಏಳುತ್ತೀರಿ ಎಂದು ಕೇಳುವುದಿಲ್ಲ. ಮನೆಯ ಮೆಟ್ಟಿಲು ಏಣಿಗಿಂತ ಕಡಿದು. ಶೇವಂತಿ ಸೀರೆ ಎತ್ತಿ ಕಟ್ಟಿ ದೋಣಿ ಹತ್ತುವವಳಂತೆ ಹತ್ತಿದಳು, ನಾನು ನಾಲ್ಕು ಕಾಲಿನಲ್ಲಿ ಹೋದೆ.

ಅವನು ಚಹಾ ಕೊಟ್ಟು ತಗಡಿನ ಡಬ್ಬಿ ತೆರೆದ. ಒಬ್ಬೊಬ್ಬರು ಒಂದೊಂದು ಬಿಸ್ಕತ್ತು ತೆಗೆದುಕೊಂಡದ್ದೇ ತಡ, ಟಪ್ಪೆಂದು ಮುಚ್ಚಿ ಕಪಾಟಿನಲ್ಲಿಟ್ಟ. ಶೇವಂತಿ ಕಪಾಟನ್ನೇ ನೋಡುತ್ತಿದ್ದಳು. ಇದೇ ಮನುಷ್ಯ ಅವಳ ಮನೆಯಲ್ಲಿ ಕೂತು ಬಂಗಡೆ ಸಾರಿಗೆ ಮೂರು ಸಲ ಅನ್ನ ಹಾಕಿಸಿಕೊಂಡವನು. ಬೇಡ ಎಂದರೂ ಅವಳು ನಾಲ್ಕನೆಯ ಸಲ ಬಡಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

"ಪಾಪ, ಅಂವಂಗೆ ಬಡತನ ಅನ್ಸ್ತದೆ," ಎಂದಳು ಹೊರಗೆ ಬಂದ ಮೇಲೆ. ಅವಳು ಹಾಸ್ಯ ಮಾಡಿದಳೋ ನಿಜವಾಗಿ ಮರುಗಿದಳೋ ನನಗೆ ತಿಳಿಯಲಿಲ್ಲ.

ಮಾರನೆಯ ದಿನ ಯಾನ್ ನಮ್ಮನ್ನು ಸಮುದ್ರದ ಕಡೆ ಕರೆದೊಯ್ದ. ಅಲ್ಲಿ ಗಾಡಿಯಲ್ಲಿ ಬಿಳಿ ಕೋಟು ತೊಟ್ಟ ಗಂಡಸೊಬ್ಬ ಮೀನು ಮಾರುತ್ತಿದ್ದ. ಅದೇ ಶೇವಂತಿಗೆ ಮೊದಲ ಆಘಾತ. "ಗಂಡಸಾ! ಮನೆಲಿ ಹೆಂಗಸ್ರು ಇಲ್ವಾ ಅವಂಗೆ?" ಎರಡನೆಯದು, ಮೀನಿಗೆ ತಲೆಯೇ ಇರಲಿಲ್ಲ. ಕಿವಿರು ನೋಡದೆ ತಾಜಾ ಹೌದೋ ಅಲ್ಲವೋ ಹೇಗೆ ತಿಳಿಯುವುದು ಎಂಬ ಅವಳ ಪ್ರಶ್ನೆಯನ್ನು ನಾನು ಇಂಗ್ಲಿಷಿನಲ್ಲಿ ಕೇಳಿದೆ. ನಂಬಿಕೆ ಎಂದು ಅವನು ಉತ್ತರ ಕೊಟ್ಟ. ಶೇವಂತಿ ಕಿಸಕ್ಕನೆ ನಕ್ಕಳು. ಅಷ್ಟರಲ್ಲಿ ಕೋಟು ಟೈ ತೊಟ್ಟವರೊಬ್ಬರು ಬಂದು, ಹಸಿ ಮೀನಿನ ಬಾಲ ಹಿಡಿದು, ಮುಖ ಮೇಲೆತ್ತಿ, ಹಾಗೆಯೇ ಗಂಟಲಿಗೆ ಇಳಿಬಿಟ್ಟರು. ಉಪ್ಪಿಲ್ಲ, ಮೆಣಸಿಲ್ಲ, ಒಲೆಯಿಲ್ಲ.

"ಥೂ! ಬೆಕ್ಕಾದ್ರೂ ಮೊದ್ಲು ಮೂಸ್ತದೆ," ಎಂದು ಅವಳು ಮುಖ ತಿರುಗಿಸಿದಳು.

ಕಟ್ಟೆಯ ಮೇಲೆ

ಅಲ್ಲಿಂದ ಮುಂದೆ ಸಮುದ್ರವನ್ನು ತಡೆಯುವ ದೊಡ್ಡ ಮಣ್ಣಿನ ಕಟ್ಟೆ. ಹುಲ್ಲು ಬೆಳೆದ ಆ ಕಟ್ಟೆಯ ಮೇಲೆ ನಡೆಯುವಾಗ ಯಾನ್ ಮೊದಲ ಬಾರಿಗೆ ಕಾಗದ ನೋಡದೆ ಮಾತಾಡಿದ. ಅವನ ಮುತ್ತಜ್ಜಂದಿರ ಕಾಲದಲ್ಲಿ ಇದನ್ನು ಸರಕಾರ ನೋಡಿಕೊಳ್ಳುತ್ತಿರಲಿಲ್ಲವಂತೆ. ಒಬ್ಬೊಬ್ಬ ರೈತನಿಗೆ ಕಟ್ಟೆಯ ಒಂದೊಂದು ತುಂಡು. ಅಷ್ಟನ್ನು ಅವನು ಗಟ್ಟಿ ಇಡಬೇಕು. ಒಬ್ಬನ ತುಂಡು ಒಡೆದರೆ ಎಲ್ಲರ ಗದ್ದೆಗೂ ನೀರು.

ನಾನು ಇದನ್ನು ಹೇಳಿದ್ದೇ ಶೇವಂತಿ ನಿಂತುಬಿಟ್ಟಳು. "ಗಂಡ ಸತ್ರೆ? ಅವ್ನ ತುಂಡು ಯಾರ್ದು?"

ಯಾನ್ ಸ್ವಲ್ಪ ಯೋಚಿಸಿ, ಗದ್ದೆ ಹೆಂಡತಿಯ ಕೈಗೆ ಬಂದರೆ ಕಟ್ಟೆಯ ತುಂಡೂ ಅವಳದೇ, ಎಂದ.

"ಹಾಂ, ಹಂಗೆ ಹೇಳು!" ಶೇವಂತಿ ಅವನ ಬೆನ್ನಿಗೆ ಗುದ್ದಿದಳು. "ಮತ್ತೆ ಇದು ನಮ್ಮ ರಂಪಣಿ ಅಲ್ವನಾ ಮಾರಾಯಾ! ಇಷ್ಟು ಗೊತ್ತಿದ್ದಂವಂಗೆ ಅಷ್ಟೆಲ್ಲ ಪ್ರಶ್ನೆ ಎಂತಕ್ಕೆ ಬೇಕಿತ್ತು?" ಯಾನ್ ನಕ್ಕ. ಅವನಿಗೆ ಎಷ್ಟು ಅರ್ಥವಾಯಿತೋ, ನನಗಂತೂ ಅವಳು ಆ ದಿನ ನಿಶ್ಚಿಂತೆಯಿಂದ ನಡೆದದ್ದು ನೆನಪಿದೆ.

ಸಭೆಯ ದಿನ

ವಿಶ್ವವಿದ್ಯಾಲಯದ ಸಭಾಂಗಣದ ಬಾಗಿಲಲ್ಲೇ ಶೇವಂತಿಯ ಆಳೆತ್ತರದ ಫೋಟೋ. ಬಾಯಿ ತೆರೆದಿದ್ದಾಳೆ, ಕೈ ಎತ್ತಿದ್ದಾಳೆ. ಕೆಳಗೆ ಇಂಗ್ಲಿಷಿನಲ್ಲಿ ‘ಭರವಸೆ’ ಎಂದು ಬರೆದಿತ್ತು.

"ಇದು ನಮ್ಮ ಪೇಟೆಗೆ ಐಸ್ ತರೂ ಗಾಡಿಯಂವಂಗೆ ನಾನು ಬೈತಾ ಇದ್ದದ್ದು," ಎಂದಳು ಶೇವಂತಿ.

ಒಳಗೆ ಮೂವತ್ತು ಜನ. ಎಲ್ಲರ ಕೊರಳಲ್ಲೂ ಹೆಸರಿನ ಚೀಟಿ, ಎಲ್ಲರ ಮುಖದಲ್ಲೂ ನಮ್ಮ ಬಗ್ಗೆ ಮರುಕ. ಬೆಳಗಿನಿಂದ ಮಧ್ಯಾಹ್ನದವರೆಗೆ ಆರು ಜನ ಮಾತಾಡಿದರು. ಬಡವರ ದನಿ ಕೇಳಬೇಕು ಎಂದು ಆರೂ ಜನ ಹೇಳಿದರು, ಕೇಳಲು ಒಬ್ಬರೂ ಬಾಯಿ ಮುಚ್ಚಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಒಬ್ಬರು ಏನೋ ಹೇಳಿದರೆ ಇನ್ನೊಬ್ಬರು ಅದನ್ನು ಬರೆದುಕೊಂಡು ತಲೆಯಾಡಿಸುವುದು. ಊಟಕ್ಕೆ ತಣ್ಣನೆಯ ಬ್ರೆಡ್ಡಿನ ನಡುವೆ ತಣ್ಣನೆಯ ಚೀಸು. ಅದನ್ನು ನಿಂತೇ ತಿನ್ನಬೇಕು. ನಾನು ಪ್ರತಿಯೊಂದನ್ನೂ ಶೇವಂತಿಗೆ ಹೇಳಿ ಹೇಳಿ ನಗಿಸಿದೆ. ಇಷ್ಟು ಓದಿದ ಈ ಮೂರ್ಖರಿಗಿಂತ ನಾನು ಎಷ್ಟೋ ಮೇಲು ಎಂಬ ಹೆಮ್ಮೆ ನನಗೆ ಆಗ ತಲೆಯವರೆಗೂ ಏರಿತ್ತು.

ಊಟದ ಮೇಲೆ ಪ್ರೊಫೆಸರ್ ಮಾರ್ಗ್ರೀಟ್ ಎದ್ದರು. ಯಾನನ ಗುರು, ಈ ಸಂಶೋಧನೆಯ ಯಜಮಾನಿ. ಪರದೆಯ ಮೇಲೆ ಒಂದು ದುಂಡನೆಯ ಚಿತ್ರ ಬಂತು. ಅದರಲ್ಲಿ ಕಿತ್ತಳೆ ಬಣ್ಣದ ಒಂದು ಹೋಳು, ಅದರ ಪಕ್ಕದಲ್ಲಿ ಶೇವಂತಿಯದೂ ಇನ್ನೂ ಕೆಲವು ಹೆಂಗಸರದೂ ಸಣ್ಣ ಸಣ್ಣ ಫೋಟೋ. ಈ ಊರಿನಲ್ಲಿ ಹನ್ನೊಂದು ಮನೆಗಳು ದುಡಿಯುವ ಮನೆಗಳಲ್ಲ, ನೆರೆಯವರು ದಾನವಾಗಿ ಕೊಡುವ ಮೀನಿನಿಂದ ಬದುಕುತ್ತಿವೆ ಎಂದು ಅವರು ಹೇಳಿದರು. ಇವರನ್ನು ಹೊಸ ಬಲೆಯ ಪಟ್ಟಿಯಿಂದ ಬೇರೆ ಇಟ್ಟು, ಹೊಲಿಗೆ ಕಲಿಸುವುದು ಒಳ್ಳೆಯದಂತೆ.

ಆ ಕಿತ್ತಳೆ ಹೋಳು ಎಲ್ಲಿಂದ ಬಂತು ಎನ್ನುವುದು ಆ ಕ್ಷಣವೇ ನನಗೆ ಗೊತ್ತಾಯಿತು. ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಮನೆಗೆ ಮೀನು ಹೇಗೆ ಬರುತ್ತದೆ? ಎದುರಿಗೆ ನಾಲ್ಕು ಚೌಕ. ಸ್ವಂತ ದುಡಿಮೆ, ಕೂಲಿ, ಖರೀದಿ, ಬೇರೆಯವರ ನೆರವು. ಶೇವಂತಿ "ಪಾಲು ಬತ್ತದಲ" ಎಂದಿದ್ದಳು. ಪಾಲಿಗೆ ಚೌಕವಿರಲಿಲ್ಲ. ಅವಳು ಬಲೆ ಎಳೆಯಲು ಹೋಗುವುದಿಲ್ಲ, ಕೂಲಿಯೂ ಅಲ್ಲ, ಕೊಳ್ಳುವುದೂ ಅಲ್ಲ. ನನಗೆ ಅಂಕೋಲೆಯ ಬಸ್ಸಿಗೆ ಹೊತ್ತಾಗಿತ್ತು. ನಾಲ್ಕನೆಯ ಚೌಕಕ್ಕೆ ರೈಟು ಹಾಕಿದೆ. ಆಮೇಲೆ ಉಳಿದ ಹತ್ತು ಮನೆಗೂ ಕೇಳದೆಯೇ ಹಾಗೆಯೇ ಹಾಕಿದೆ. ಒಂದೂ ಚೌಕ ಖಾಲಿ ಬಿಡದ ನನ್ನ ಫಾರ್ಮುಗಳನ್ನು ಯಾನ್ ಹೊಗಳಿದಾಗ ಉಬ್ಬಿ ಮನೆಗೆ ಹೋಗಿದ್ದೆ.

"ಅಕ್ಕೋರೇ, ಆ ಹಣ್ಣಿನ ಬಣ್ಣದ್ದು ಎಂತಾ ಅದು? ನನ್ನ ಪಟ ಎಂತಕ್ಕೆ ಹಾಕಾರೆ?"

"ಅದು... ಹೆಂಗಸರ ಲೆಕ್ಕ," ಎಂದೆ. ನನ್ನ ನಾಲಿಗೆಗೆ ಅಷ್ಟೇ ಬಂತು.

ಶೇವಂತಿ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಹೆಂಗಸರ ಲೆಕ್ಕ ಆದ್ರೆ ದೇವು ತಾಂಡೇಲನ ಹೆಂಡ್ತಿ ಎಲ್ಲಿ? ಇದ್ರಲ್ಲಿ ಇರೂದು ಎಲ್ಲಾ ಗಂಡ ಇಲ್ದವ್ರೇ. ಸಮಾ ಹೇಳಿ, ಅಕ್ಕೋರೇ. ನಾನು ಇಷ್ಟು ದೂರ ಬಂದದ್ದು ಬ್ರೆಡ್ಡು ತಿನ್ನೂಕೆ ಅಲ್ಲ."

ಹೇಳಿದೆ. ದಾನ ಎಂಬ ಮಾತನ್ನೂ ಹೇಳಿದೆ, ಹೊಲಿಗೆಯನ್ನೂ ಹೇಳಿದೆ. ಅವಳ ಮುಖ ಕೆಂಪಾಯಿತು. ಎದ್ದು ನಿಂತಳು. ಯಾರೂ ಅವಳಿಗೆ ಮಾತಾಡಲು ಹೇಳಿರಲಿಲ್ಲ. ಅವಳ ಸರದಿ ಇದ್ದದ್ದು ಮೂರೂವರೆಗೆ.

"ಧರ್ಮಕ್ಕೆ ತಿನ್ನೂದು ಯಾರು? ನಾನಾ?" ಗಾಜಿನ ಕಿಟಕಿ ಅದುರುವಂತೆ ಕೇಳಿದಳು. "ಹದಿನಾಲ್ಕು ವರ್ಷ ಕೂತು ನನ್ನ ತುಂಡಿನ ಹರಕು ಸಮಾ ಮಾಡ್ದೆ. ನನ್ನ ತುಂಡು ತೆಗ್ದು ಬಲೆ ಎಳೀಲಿ ನೋಡುವಾ, ಇದ್ದ ಮೀನೆಲ್ಲ ಆ ತೂತಲ್ಲೇ ಹೋಗ್ತದೆ! ನಿಮ್ಮ ಕಟ್ಟೆಲಿ ಗಂಡ ಸತ್ತವಳು ತನ್ನ ತುಂಡು ಕಾಯ್ತಿದ್ಲಲ, ಅವಳಿಗೂ ಭಿಕ್ಷುಕಿ ಹೇಳ್ತಿದ್ರಾ?"

ನಾನು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಂದೆ. ಯಾನ್ ತಲೆ ತಗ್ಗಿಸಿದ. ಪ್ರೊಫೆಸರ್ ಮಾತ್ರ ಬಹಳ ಕುತೂಹಲಕರ ವಿಷಯ ಎಂದು ಬರೆದುಕೊಂಡರು. ಇದನ್ನು ವರದಿಯ ಕೊನೆಗೆ ಒಂದು ಟಿಪ್ಪಣಿಯಾಗಿ ಸೇರಿಸಬಹುದು, ಆದರೆ ಅಂಕಿಗಳನ್ನು ಬದಲಿಸಲಾಗದು ಎಂದರು. ಬದುಕು ಹೋಗುತ್ತಿದೆ ಎಂದರೆ ಟಿಪ್ಪಣಿ ಹಾಕುತ್ತೇವೆ ಎನ್ನುವ ಆ ನಗುಮುಖವನ್ನು ಕಂಡು ನನಗೆ ಹೇಸಿಗೆಯಾಯಿತು.

"ಹಂಗೆ ಬರ್ದದ್ದು ಯಾರು? ಅವ್ರ ಹೆಸ್ರು ಕೇಳಿ," ಎಂದಳು ಶೇವಂತಿ.

ಕೇಳಿದೆ. ನಿಮ್ಮ ಊರಿನ ಕಡೆಯವರೇ, ನಮ್ಮ ಸ್ಥಳೀಯ ತಂಡದವರು ಎಂದು ಪ್ರೊಫೆಸರ್ ಉತ್ತರಿಸಿದರು. ತಂಡ ಎಂದರೆ ನಾನೊಬ್ಬಳೇ. ಇದನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಮೂರು ದಿನದಿಂದ ಆ ದೇಶದ ರೈಲಿಗೆ, ಬಿಸ್ಕತ್ತಿಗೆ, ಮೀನಿಗೆ, ವಿದ್ಯೆಗೆ ಉಗಿದು ಉಪ್ಪಿನಕಾಯಿ ಹಾಕಿದವಳು ನಾನು. ನನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಅವರ ಎಲೆಯ ನೊಣ ಎಣಿಸಿದ್ದೆ.

"ನಾನೇ ಬರ್ದದ್ದು, ಶೇವಂತಿ. ನೆರವು ಅಂತಿದ್ದ ಚೌಕಕ್ಕೆ ರೈಟು ಹಾಕಿದ್ದು ನಾನು," ಎಂದೆ.

ಅವಳು ಕೂಗಲಿಲ್ಲ. ಕೂಗಿದ್ದರೆ ನನಗೆ ಹಗುರವಾಗುತ್ತಿತ್ತು. "ನೀವಾ?" ಎಂದಳು. "ನಂಗೆ ಒಂದು ಮಾತು ಕೇಳೂಕೆ ಆಗ್ಲಿಲ್ವಾ? ಅಲ್ಲೇ ಎದ್ರಿಗೆ ಕೂತಿದ್ನಲ." ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಆ ಸಂಜೆ ಮಾಹಿತಿಯೆಲ್ಲ ಸರಿಯಾಗಿದೆ ಎಂಬ ಕಾಗದಕ್ಕೆ ನನ್ನ ಸಹಿ ಬೇಕಿತ್ತು. ಅದಿಲ್ಲದೆ ವರದಿ ನೆರವು ಸಂಸ್ಥೆಗೆ ಹೋಗುವಂತಿಲ್ಲ. ನಾನು ಸಹಿ ಹಾಕಲಿಲ್ಲ. ಇನ್ನೊಂದು ಹಾಳೆ ಕೇಳಿ, ಹನ್ನೊಂದು ಮನೆಗಳ ಉತ್ತರ ತಪ್ಪು, ಅವರು ಹೇಳದ್ದನ್ನು ನಾನು ತುಂಬಿದ್ದು, ಅವರು ಬಲೆಯ ಪಾಲುದಾರರು ಎಂದು ಬರೆದು ಅದಕ್ಕೆ ಸಹಿ ಹಾಕಿದೆ. ಪ್ರೊಫೆಸರ್ ನಗುವುದನ್ನು ನಿಲ್ಲಿಸಿದ್ದನ್ನು ಆಗಲೇ ನಾನು ನೋಡಿದ್ದು. ಅದರಿಂದ ಯಾನನ ಒಂದು ಅಧ್ಯಾಯವೇ ಬಿದ್ದುಹೋಯಿತು. ಅವನು ಶೇವಂತಿಯ ಪಕ್ಕ ಬಂದು ಕೂತ.

ಶೇವಂತಿ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಇವ್ರಿಗೆ ಆಯ್ತು. ಇದ್ನ ಕನ್ನಡದಲ್ಲಿ ಬರೀರಿ. ನಮ್ಮ ದಡದಲ್ಲಿ ಗಂಡಸ್ರ ಎದ್ರಿಗೆ ನೀವೇ ನಿಂತು ಓದ್ಬೇಕು," ಎಂದಳು. ವಾಪಸು ಊರು ಮುಟ್ಟುವವರೆಗೆ ಅವಳು ನನ್ನೊಡನೆ ಆಡಿದ ಮಾತು ಅಷ್ಟೇ.

ಮತ್ತೆ ನಮ್ಮ ದಡ

ಬಂದ ನಾಲ್ಕನೆಯ ದಿನ ಬೆಳಿಗ್ಗೆ ರಂಪಣಿ ದಡಕ್ಕೆ ಬಂತು. ನಾನು ಅಂಕೋಲೆಯ ಮೊದಲ ಬಸ್ಸಿಗೆ ಹೋಗಿದ್ದೆ. ಮರಳಿನ ಮೇಲೆ ನಿಂತು ಓದಿದೆ. ಹುಡುಗರ ತಪ್ಪಿಗೆ ಇಪ್ಪತ್ತೊಂಬತ್ತು ವರ್ಷ ಕೆಂಪು ಶಾಯಿ ಸುರಿದವಳು ನನ್ನ ತಪ್ಪನ್ನು ನಾನೇ ಊರಿಗೆಲ್ಲ ಕೇಳುವಂತೆ ಒಪ್ಪಿಕೊಂಡೆ. ಗುಸುಗುಸು ಮಾಡುತ್ತಿದ್ದ ಗಂಡಸರು ಸಮುದ್ರ ನೋಡುತ್ತ ನಿಂತರು.

ದೇವು ತಾಂಡೇಲ ಪೂರ್ತಿ ಕೇಳಿದ. ಮತ್ತೊಮ್ಮೆ ಓದಿ ಎಂದ. ಎರಡನೆಯ ಸಲ ಮುಗಿದ ಮೇಲೆ ಹೆಗಲಿನ ಟವೆಲು ಕೊಡವಿ ಹೇಳಿದ: "ಕೇಳಿದ್ರಲ್ಲಾ ಎಲ್ಲಾರೂ? ಹನ್ನೊಂದು ಪಾಲು ಅದೆ. ಹೊಸ ಬಲೆ ಬಂದ್ರೂ ಅದೆ, ಬರದೇ ಹೋದ್ರೂ ಅದೆ. ಅವ್ರ ಪಟ್ಟಿ ಅವ್ರ ಹತ್ರ ಇರ್ಲಿ." ಇಷ್ಟು ಗಟ್ಟಿ ಮಾತು ಅವನ ಬಾಯಲ್ಲಿ ನಾನು ಕೇಳಿರಲಿಲ್ಲ. ಹೊಸ ಬಲೆ ಇನ್ನೂ ಬಂದಿಲ್ಲ.

ಮೀನನ್ನು ಗುಡ್ಡೆ ಗುಡ್ಡೆ ಮಾಡಿದರು. ಶೇವಂತಿ ತನ್ನ ಗುಡ್ಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬುಟ್ಟಿಗೆ ತುಂಬುತ್ತಿದ್ದಳು. ನಾನು ಬಸ್ಸಿಗೆ ಹೊರಟೆ. ಅವಳು "ನಿಲ್ಲಿ" ಎಂದಳು. ನಾಲ್ಕು ಒಳ್ಳೆಯ ಬಂಗಡೆ ಆರಿಸಿ ತೆಗೆದು ನನ್ನ ಕೈಯಲ್ಲಿಟ್ಟಳು.

"ಬೇಡ ಶೇವಂತಿ. ಇದು ನಿನ್ನ ಪಾಲು."

"ನನ್ನ ಪಾಲೇ ಹೌದು. ನಿಮ್ದು ತುಂಡು ಈ ಬಲೆಲಿ ಇಲ್ಲ, ನೀವು ಹಗ್ಗಕ್ಕೆ ಕೈ ಹಚ್ಚಿಲ್ಲ, ಕೊಂಡೂ ಇಲ್ಲ." ಅವಳು ಮತ್ತೆ ಬುಟ್ಟಿಯ ಕಡೆ ತಿರುಗಿದಳು. "ಇದಕ್ಕೆ ನೆರವು ಹೇಳೂದು, ಅಕ್ಕೋರೇ. ಈಗ ಹಾಕಿ ರೈಟು."